ಸ್ಪಿರಿಟ್ಟಿನಲ್ಲಿಟ್ಟ ಹವಳ

ಅಮ್ಮ ತೀರಿಕೊಂಡ ಹನ್ನೊಂದನೆಯ ದಿನವೂ ನನಗೆ ಅಳು ಬಂದಿರಲಿಲ್ಲ. ಸಿದ್ಧಕಟ್ಟೆಯ ಮನೆಗೆ ಬಂದವರೆಲ್ಲ "ಗಟ್ಟಿ ಹೆಂಗಸು" ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕೈಕಾಲು ನನ್ನದಲ್ಲ ಎಂಬಂತೆ ಓಡಾಡುತ್ತಿದ್ದೆ, ಅಷ್ಟೆ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಕಲ್ಲುಹವಳಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಅವಕ್ಕೆ ತಮ್ಮದೇ ಡಿಎನ್‌ಎ ಉಂಟು, ಅದು ಬರುವುದು ತಾಯಿಯಿಂದ. ಅಮ್ಮನಿಗೆ ಇದನ್ನು ವಿವರಿಸಿದಾಗ, "ನಮ್ಮ ಕುಲ-ಬಳಿ ಸಹ ತಾಯಿಯಿಂದಲೇ ಬರುವುದಲ್ವಾ? ಇದಕ್ಕೆ ಇಷ್ಟು ವರ್ಷ ಓದಬೇಕಾ?" ಎಂದು ನಕ್ಕಿದ್ದಳು.

ಹವಳಗಳಲ್ಲಿ ಈ ಡಿಎನ್‌ಎ ಬದಲಾಗುವುದು ಬಹಳ ನಿಧಾನ. ನೋಡಲು ಬೇರೆಬೇರೆಯಾದ ಜಾತಿಗಳಲ್ಲೂ ಸಾವಿರಾರು ಅಕ್ಷರ ಒಂದೇ ಸಮ. ಹಾಗಿರುವಾಗ ನನ್ನ ಒಂದು ಹವಳದಲ್ಲಿ ಮಾತ್ರ ಬೇರೆಲ್ಲೂ ಇಲ್ಲದ ಡಿಎನ್‌ಎ ತುಣುಕೊಂದು ಕಂಡಿತು. "ಇನ್ನೊಮ್ಮೆ ಓದಿಸಿ ನೋಡಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ" ಎಂದರು ಮಾರ್ಗದರ್ಶಕರು. ಮತ್ತೆ ತರುವ ಎಂದರೆ, ಲಕ್ಷದ್ವೀಪದ ಆ ಹವಳ ಕಡಲು ಕಾದು ಬಿಳಿಚಿ ಸತ್ತಿತ್ತು. ಉಳಿದದ್ದು ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಬೆರಳುದ್ದದ ತುಂಡೊಂದೇ. ಕಾಲೇಜಿನ ಫ್ರಿಜ್ಜು ಕೆಟ್ಟದ್ದರಿಂದ ಅದರ ಬಾಟಲಿಯನ್ನು ಮನೆಯ ಫ್ರಿಜ್ಜಿನಲ್ಲಿ ತಂದಿಟ್ಟಿದ್ದೆ.

ಹನ್ನೊಂದನೆಯ ದಿನ ಮನೆ ಶುದ್ಧ. ಸಾವಾದ ಹೊತ್ತಿಗೆ ಮನೆಯಲ್ಲಿದ್ದ ನೀರು, ಹಿಟ್ಟು, ಉಪ್ಪಿನಕಾಯಿ ಯಾವುದೂ ಉಳಿಯಬಾರದು. ಬೆಳ್ತಂಗಡಿಯಿಂದ ಬಂದ ಚಿಕ್ಕಮ್ಮ, ಅಮ್ಮನ ತಂಗಿ, ಸೆರಗು ಸಿಕ್ಕಿಸಿ ಬೆಳಿಗ್ಗೆಯೇ ಶುರುಮಾಡಿದ್ದಳು. ನಾನು ಅಂಗಳದಲ್ಲಿ ಬಂದವರೊಂದಿಗೆ ಸೇರಿ ಕುರ್ಚಿ ಹಾಕುತ್ತಿದ್ದೆ. ಒಳಗೆ ಬಂದರೆ ಫ್ರಿಜ್ಜು ಖಾಲಿ. ಬಾಟಲಿ ತೊಳೆದು ಬೋರಲು ಹಾಕಿತ್ತು. ಹವಳ ಬ್ಲೀಚಿಂಗ್ ಪೌಡರಿನಲ್ಲಿ ತಿಕ್ಕಿಸಿಕೊಂಡು, ಕುದಿನೀರಲ್ಲಿ ಮಿಂದು, ಕಿಟಕಿಯಲ್ಲಿ ಒಣಗುತ್ತಿತ್ತು.

"ಎಂಥ ನಾತ ಮಾರಾಯ್ತಿ ಅದರಲ್ಲಿ! ಕಲ್ಲು ಚಂದ ಉಂಟು ಅಂತ ಇಟ್ಟಿದ್ದೇನೆ" ಎಂದಳು ಚಿಕ್ಕಮ್ಮ.

ಬ್ಲೀಚಿಗೂ ಕುದಿನೀರಿಗೂ ಡಿಎನ್‌ಎ ಅಳಿದು, ಅದರಲ್ಲಿ ಇನ್ನು ಓದಲು ಏನೂ ಇರಲಿಲ್ಲ. ನಾಲ್ಕು ವರ್ಷದ ಕೆಲಸ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ನನ್ನ ಮುಖ ನೋಡಿ ಚಿಕ್ಕಮ್ಮನಿಗೆ ಗಾಬರಿಯಾಯಿತು. "ಬೇಕಾದದ್ದಾ ಅದು? ಯಾರಾದರೂ ಒಂದು ಮಾತು ಹೇಳಬೇಕಲ್ವಾ?"

ಹೇಳುತ್ತಿದ್ದದ್ದು ಅಮ್ಮ. ನೆಂಟರು ನೀರಿಗೆಂದು ಫ್ರಿಜ್ಜಿನ ಬಾಗಿಲು ಮುಟ್ಟಿದರೂ, "ಮಗಳ ಬಾಟಲಿ ಉಂಟು, ಜಾಗ್ರತೆ" ಎಂದು ಇದ್ದಲ್ಲಿಂದಲೇ ಗದರುತ್ತಿದ್ದಳು. ನಾನು ಒಳಕೋಣೆಯ ಕಡೆ ತಿರುಗಿ, "ಅಮ್ಮಾ, ಎಲ್ಲಿದ್ದೆ ನೀನು? ಸ್ವಲ್ಪ ನೋಡ್ಲಿಕ್ಕೆ ಆಗ್ಲಿಲ್ವಾ?" ಎಂದು ಜೋರಾಗಿ ಕೂಗಿಬಿಟ್ಟೆ.

ಅಂಗಳದಲ್ಲಿ ಕುರ್ಚಿ ಎಳೆಯುವ ಸದ್ದು ನಿಂತಿತು.