ಏಡಿ ದೋಣಿಯ ಅರ್ಧ ಪಾಲು

ಬೆಳಗಿನ ಐದು ಗಂಟೆ. ಕೂಪರ್ ನದಿಯ ದಡಕ್ಕೆ ಕಟ್ಟಿಹಾಕಿದ ಹಳೆಯ ಜಲಾಂತರ್ಗಾಮಿಯ ಹೊಟ್ಟೆಯೊಳಗೆ, ಹಬೆಯ ಕೊಳವೆಗಳ ನಡುವೆ ಡೆಲ್ಫಿನ್ ರಾಬಿಡೋ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಎದುರಿಗೆ ನಿಂತಿರುವ, ತರಬೇತಿಗೆ ಬಂದ ಹುಡುಗನಿಗೆ ಒಂದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳುತ್ತಿದ್ದಾಳೆ. ಅವನು ಕಣ್ಣುಜ್ಜಿಕೊಂಡು, ತಲೆ ಕೆರೆದುಕೊಂಡು, ಕೊನೆಗೆ ಗೊತ್ತಿಲ್ಲ ಎನ್ನುತ್ತಾನೆ.

"ಇದನ್ನ ಹೇಳೋಕೆ ಇಷ್ಟು ಹೊತ್ತು ಬೇಕಿತ್ತೇನಪ್ಪಾ?" ಎಂದು ಅವಳು ಎದ್ದು ನಿಲ್ಲುತ್ತಾಳೆ. "ಇಲ್ಲಿ ಗೊತ್ತಿಲ್ಲ ಅನ್ನೋದು ತಪ್ಪಲ್ಲ. ಗೊತ್ತಿರೋ ಹಾಗೆ ಊಹೆ ಹೊಡೆಯೋದು ತಪ್ಪು. ಹೋಗಿ ಓದ್ಕೊಂಡು ಬಾ. ಕಾಫಿ ಕುಡಿದು ಬಾ ಮೊದಲು."

ಈ ಜಲಾಂತರ್ಗಾಮಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಒಳಗಿನ ಪರಮಾಣು ಸ್ಥಾವರ ನಿಜವಾದದ್ದು, ಅದರ ಬಿಸಿಯೂ ನಿಜವಾದದ್ದು. ನೌಕಾಪಡೆಗೆ ಸಾಮಾನ್ಯ ನಾವಿಕರಾಗಿ ಸೇರಿ, ಈ ಸ್ಥಾವರ ನಡೆಸಲು ಆಯ್ಕೆಯಾದವರು ಮೊದಲು ತರಗತಿಯಲ್ಲಿ ಬೆವರಿ, ಆಮೇಲೆ ಇಲ್ಲಿ ಬಂದು ಕೈ ಪಳಗಿಸಿಕೊಳ್ಳುತ್ತಾರೆ. ಚೆನ್ನಾಗಿ ಪಳಗಿದ ಕೆಲವರನ್ನು ಸಮುದ್ರಕ್ಕೆ ಕಳಿಸದೆ ಇಲ್ಲಿಯೇ ಬೋಧಕರಾಗಿ ಉಳಿಸಿಕೊಳ್ಳುವುದುಂಟು. ಡೆಲ್ಫಿನ್ ಹಾಗೆ ಉಳಿದವಳು. ಹನ್ನೆರಡು ಗಂಟೆಯ ಪಾಳಿ, ಈ ವಾರ ಹಗಲು, ಮುಂದಿನ ವಾರ ರಾತ್ರಿ. ಅವಳ ಕೈಕೆಳಗೆ ಕಲಿತವರು ಈಗ ಯಾವ ಯಾವುದೋ ಸಾಗರದ ತಳದಲ್ಲಿದ್ದಾರೆ. ಅವಳು ಮಾತ್ರ ಹಡಗಿನಲ್ಲಿ ಒಂದು ಮೈಲಿಯೂ ಹೋದವಳಲ್ಲ.

ಹುಟ್ಟಿದ್ದು ಸಮುದ್ರವೇ ಇಲ್ಲದ ಉತ್ತರ ಡಕೋಟಾ ರಾಜ್ಯದಲ್ಲಿ, ಗೋಧಿ ಬಯಲಿನ ನಡುವೆ. ಅಪ್ಪ ಧಾನ್ಯದ ಲಾರಿಗಳ ಮೆಕ್ಯಾನಿಕ್. ಕಾಲೇಜಿಗೆ ಕಳಿಸುವ ಶಕ್ತಿ ಮನೆಯಲ್ಲಿರಲಿಲ್ಲ, ಹಟ ಮಾಡುವ ಬುದ್ಧಿ ಮಗಳಿಗೂ ಇರಲಿಲ್ಲ. ಸಮುದ್ರ ನೋಡಬೇಕೆಂದು ಹದಿನೆಂಟಕ್ಕೆ ನೌಕಾಪಡೆ ಸೇರಿದಳು. "ಉಪ್ಪು ನೀರು ಮುಟ್ಟಿದ್ದು ಟ್ಯಾನ್ಸಿ ಜೊತೆ ದೋಣೀಲೇ. ಅದೂ ಏಡಿ ಕಚ್ಚಿತು ಅಂತ ಕೈ ಅದ್ದಿದ್ದು," ಎನ್ನುತ್ತಾಳೆ.

ಟ್ಯಾನ್ಸಿ ಮ್ಯಾನಿಗಾಲ್ಟ್ ಅದೇ ಪಾಳಿಯ ಇನ್ನೊಬ್ಬ ಬೋಧಕಿ, ಕಡಲು ಸೇರುವ ಇದೇ ನದಿಯ ದಡದಲ್ಲಿ ಬೆಳೆದವಳು. ತರಬೇತಿಯ ಮೊದಲ ವಾರದಲ್ಲಿ ಪಕ್ಕಪಕ್ಕ ಕೂತವರು ಮತ್ತೆ ಬೇರೆ ಬೇರೆ ಕೂತಿಲ್ಲ. ಇಬ್ಬರೂ ಸೇರಿ ಟ್ಯಾನ್ಸಿಯ ಚಿಕ್ಕಪ್ಪನಿಂದ ಒಂದು ಹಳೆಯ ದೋಣಿ ಕೊಂಡರು. ಮೇಲಿನವರ ಅನುಮತಿ ಪಡೆದೇ, ರಜೆಯ ದಿನಗಳಲ್ಲಿ ಏಡಿ ಹಿಡಿದು ಸೇತುವೆಯ ಬಳಿ ಮಾರುತ್ತ ಬಂದರು. ಆ ದೋಣಿಯಲ್ಲಿ ಟ್ಯಾನ್ಸಿ ಯಾರ ಮಾತನ್ನೂ ಕೇಳುವುದಿಲ್ಲ. ಎಡಕ್ಕೆ ತಿರುಗಿಸು ಎಂದರೆ ಬಲಕ್ಕೆ ತಿರುಗಿಸಿ, ಏಡಿ ಸಿಕ್ಕ ಮೇಲೆ ಇಡೀ ದಿನ ಹಂಗಿಸುತ್ತಾಳೆ.

ಸ್ಥಾವರದ ಪುಸ್ತಕಗಳು ಕಟ್ಟಡದಿಂದ ಹೊರಗೆ ಬರುವಂತಿಲ್ಲ, ಅದರ ಮಾತೂ ಗೇಟು ದಾಟುವಂತಿಲ್ಲ. ಹಾಗಾಗಿ ದೋಣಿಯಲ್ಲಿ ಇವರು ಬೇರೆಲ್ಲ ಮಾತಾಡಿದರು. ಅಧಿಕಾರಿಯಾಗುವ ಮಾತು ಹುಟ್ಟಿದ್ದೂ ಅಲ್ಲಿಯೇ. ಆಯ್ಕೆಯಾದ ನಾವಿಕರನ್ನು ನೌಕಾಪಡೆ ತನ್ನ ಖರ್ಚಿನಲ್ಲಿ ವಿಶ್ವವಿದ್ಯಾಲಯದಲ್ಲಿ ಓದಿಸಿ, ಆಮೇಲೆ ಅಧಿಕಾರಿ ಪದವಿ ಕೊಡುತ್ತದೆ. ನೀನು ಅರ್ಜಿ ಹಾಕಲೇಬೇಕೆಂದು ಗಂಟುಬಿದ್ದವಳು ಟ್ಯಾನ್ಸಿ. ಏಡಿ ಹಿಡಿಯುವ ಬುಟ್ಟಿಗೆ ಎರೆಯಾಗಿ ಕೋಳಿ ಕತ್ತು ಕಟ್ಟುತ್ತ, ತಾನೇ ಕ್ಯಾಪ್ಟನ್ ಆಗಿ ಸಂದರ್ಶನದ ಪ್ರಶ್ನೆ ಕೇಳುತ್ತಿದ್ದಳು. ನೀನ್ಯಾಕೆ ಹಾಕಲಿಲ್ಲ ಎಂದು, ಇವರ ಬಗ್ಗೆ ಬರೆಯಲು ಬಂದಿದ್ದ ನಾನು ಅವಳನ್ನು ಕೇಳಿದೆ. "ಬೇರೆಯವರು ಹೇಳಿದ್ದನ್ನ ಕೇಳೋದೇ ನನಗೆ ಕಷ್ಟ. ಇನ್ನು ನಾನು ಹೇಳಿದ್ದನ್ನ ಬೇರೆಯವರು ಕೇಳ್ತಾ ನಿಂತ್ಕೊಂಡ್ರೆ ನಗು ಬಂದ್ಬಿಡುತ್ತೆ," ಎಂದಳು.

ಡೆಲ್ಫಿನ್ ಆಯ್ಕೆಯಾದಳು. ಪಾಳಿಯವರೆಲ್ಲ ಚಪ್ಪಾಳೆ ತಟ್ಟಿದರು. ಅದು ಮುಗಿದ ಮೇಲೆ ಹಿರಿಯ ಬೋಧಕ ಚೀಫ್ ಲಟಿಮೋರ್ ಅವಳನ್ನು ಪಕ್ಕಕ್ಕೆ ಕರೆದು, ಆ ದೋಣಿ ನಿಮ್ಮಿಬ್ಬರದೂ ಅಲ್ಲವೇ ಎಂದು ಕೇಳಿದರು. ಇವರಿಗೂ ಏಡಿ ಬೇಕಿರಬೇಕೆಂದುಕೊಂಡು ಅವಳು ಶನಿವಾರ ತಂದುಕೊಡುತ್ತೇನೆ ಎಂದಳು. ಚೀಫ್ ನಗಲಿಲ್ಲ. ಅಧಿಕಾರಿಯೂ ನಾವಿಕರೂ ಪಾಲುದಾರರಾಗಿ ವ್ಯಾಪಾರ ಮಾಡುವಂತಿಲ್ಲ, ಒಂದೇ ಮನೆಯಲ್ಲಿ ಇರುವಂತಿಲ್ಲ, ಸರಿಸಮರಂತೆ ಗೆಳೆತನ ನಡೆಸುವಂತಿಲ್ಲ, ಹೊರಡುವ ಮೊದಲೇ ಬಿಡಿಸಿಕೋ ಎಂದರು. ಈ ನಿಯಮ ಇಬ್ಬರೂ ಮೊದಲಿನಿಂದ ಕೇಳಿದ್ದೇ. ಅಧಿಕಾರಿ ಎಂದರೆ ಬೇರೆ ಯಾರೋ ಎಂದುಕೊಂಡು ಕೇಳಿದ್ದರು, ಅಷ್ಟೆ.

ನಿಯಮದಲ್ಲಿ ತಪ್ಪಿಲ್ಲ ಎಂದು ಡೆಲ್ಫಿನ್ ತಾನೇ ವಾದಿಸುತ್ತಾಳೆ. ಕೊಳವೆ ಒಡೆದು ಹಬೆ ನುಗ್ಗಿದಾಗ ಯಾರು ಒಳಗೆ ಹೋಗಬೇಕೆಂದು ಹೇಳುವವಳಿಗೆ ಅಲ್ಲೊಬ್ಬಳು ಗೆಳತಿ ಇರಬಾರದು. ಅದೆಲ್ಲ ಅವಳಿಗೆ ಅರ್ಥವಾಗುತ್ತದೆ. ಅರ್ಥವಾದ ಮರುದಿನವೇ, ಈ ಅವಕಾಶ ಬೇಡವೆಂದು ಹೇಳಲು ಚೀಫ್ ಕೋಣೆಗೆ ಹೊರಟಳು. ಬಾಗಿಲಲ್ಲಿ ಟ್ಯಾನ್ಸಿ ನಿಂತಿದ್ದಳು.

"ಪ್ರಶ್ನೆ ಕೇಳಿ ಕೇಳಿ ನನ್ನ ಗಂಟಲು ಒಣಗಿದೆ ಕಣೇ," ಅಂದಳಂತೆ. "ಈಗ ನೀನು ಹೋಗ್ದೆ ಇದ್ರೆ ನಿನ್ನ ಉತ್ತರಗಳನ್ನೆಲ್ಲ ನಾನೇನು ಏಡಿಗೆ ಹಾಕ್ಲಾ? ನಡಿ ವಾಪಸ್."

ದೋಣಿಯ ಗಂಟು ಅಷ್ಟು ಸಲೀಸಾಗಿ ಬಿಚ್ಚಲಿಲ್ಲ. ನನ್ನ ಅರ್ಧವನ್ನು ನೀನೇ ಸುಮ್ಮನೆ ಇಟ್ಟುಕೋ ಎಂದು ಡೆಲ್ಫಿನ್ ಹೇಳಿದ್ದಕ್ಕೆ ಟ್ಯಾನ್ಸಿ ಎರಡು ಪಾಳಿ ಮಾತು ಬಿಟ್ಟಳು. ಮೂರನೆಯ ಪಾಳಿಗೆ ಬಂದು, ಇಡೀ ದೋಣಿಯನ್ನೇ ಮಾರೋಣ ಎಂದಳು. ಚಿಕ್ಕಪ್ಪನ ದೋಣಿಯಲ್ಲವೇ, ನಿನಗೆ ನದಿ ಬೇಡವೇ ಎಂದು ಇವಳು ಅಂಗಲಾಚಿದಳು. ಟ್ಯಾನ್ಸಿ ಜಗ್ಗಲಿಲ್ಲ. "ಆ ಕಡೆ ಬೆಂಚು ಖಾಲಿ ಇಟ್ಕೊಂಡು ನಾನು ಯಾರ ಜೊತೆ ಜಗಳ ಆಡ್ಲಿ?"

ಕಳೆದ ಶನಿವಾರ, ದೋಣಿ ಕೊಂಡ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಒಯ್ಯಲು ಗಾಡಿ ತಂದಿದ್ದರು. ಯಜಮಾನರು ಯಾರು ಎಂದು ಅವರು ಕೇಳಿದಾಗ ಡೆಲ್ಫಿನ್ ಟ್ಯಾನ್ಸಿಯತ್ತ ಕೈ ತೋರಿಸಿದಳು, ಟ್ಯಾನ್ಸಿ ಡೆಲ್ಫಿನಳತ್ತ. ಮೇಷ್ಟ್ರು ಇಬ್ಬರನ್ನೂ ನೋಡಿ ತಾವೇ ಹಗ್ಗ ಬಿಗಿಯತೊಡಗಿದರು. ಟ್ಯಾನ್ಸಿ ಆ ಗಂಟು ಸರಿಯಿಲ್ಲವೆಂದು ಬಿಚ್ಚಿ, ಇನ್ನೊಂದು ಹಾಕಿಕೊಟ್ಟಳು. ಗಾಡಿ ತಿರುವು ದಾಟುವ ತನಕ ಇಬ್ಬರೂ ರಸ್ತೆಯಲ್ಲೇ ನಿಂತಿದ್ದರು. ಆಮೇಲೆ ಊಟಕ್ಕೆ ಹೋಗಿ ಟೊಮೆಟೊ ಹಾಕಿ ಬೇಯಿಸಿದ ಕೆಂಪು ಅನ್ನ, ಹುರಿದ ಮೀನು ತಿಂದರು. ಟ್ಯಾನ್ಸಿ ಉಪ್ಪಿನ ಡಬ್ಬಿ ಕೊಡಿ ಅಮ್ಮಾವ್ರೇ ಎಂದು, ಅಧಿಕಾರಿಯನ್ನು ಕರೆಯುವ ಅಭ್ಯಾಸ ಶುರುಮಾಡಿದಳು. ಇವಳು ನಕ್ಕಳು. ಮತ್ತೆ ಅಮ್ಮಾವ್ರೇ ಎಂದಾಗ ನಗಲಿಲ್ಲ.

ಇನ್ನು ಮೂರು ವಾರಕ್ಕೆ ಡೆಲ್ಫಿನ್ ದೂರದ ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾಳೆ. ಪದವಿ ಮುಗಿದ ಮೇಲೆ ಅಧಿಕಾರಿಯಾಗಿ ಇದೇ ಪರಮಾಣು ಪಾಠವನ್ನು ಮೊದಲಿನಿಂದ ಮತ್ತೆ ಓದಬೇಕು. ಅಷ್ಟರಲ್ಲಿ ಟ್ಯಾನ್ಸಿ ಇಲ್ಲಿನ ಬೋಧನೆಯ ಅವಧಿ ಮುಗಿಸಿ ಸಮುದ್ರದಲ್ಲಿರುತ್ತಾಳೆ. ಡಕೋಟಾದ ಅಪ್ಪ ಫೋನಿನಲ್ಲಿ ಹೆಮ್ಮೆಯಿಂದ ಅತ್ತರಂತೆ. ಇವಳಿಗೂ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ.

ಪಾಳಿ ಮುಗಿಸಿ ಹೊರಬಂದವಳ ಜೊತೆ ನಾನೂ ಗೇಟಿನ ತನಕ ನಡೆಯುತ್ತೇನೆ. ಅಧಿಕಾರಿಯಾದ ಮೇಲೆ ಯಾವ ಹಡಗು ಬೇಕೆಂದು ಕೇಳಿದರೆ, ಯಾವುದಾದರೂ ಆದೀತು, ಒಂದನ್ನು ಬಿಟ್ಟು ಎನ್ನುತ್ತಾಳೆ.

"ಟ್ಯಾನ್ಸಿ ಇರೋ ಹಡಗಿಗೆ ಮಾತ್ರ ನನ್ನನ್ನ ಹಾಕ್ಬಾರ್ದು. ಅಷ್ಟು ಕೇಳ್ಕೋತೀನಿ. ಅಲ್ಲಿ ನಾನು ಅವಳಿಗೆ ಆಜ್ಞೆ ಕೊಡಬೇಕಾಗುತ್ತೆ. ಕೊಡ್ತೀನಿ, ಕೊಡದೆ ಇರೋಕಾಗಲ್ಲ. ಆದ್ರೆ ಅವಳು ಮಾಡ್ತಾಳಲ್ಲ... ಎದುರು ಒಂದು ಮಾತಾಡ್ದೆ, ಹೇಳಿದ ಹಾಗೇ ಮಾಡ್ತಾಳಲ್ಲ, ಅದನ್ನ ನನಗೆ ನೋಡೋಕಾಗಲ್ಲ."