ಅವರೆ ಕಾಯ್ದ ಕೋವಿ

ಅವರೆಕಾಯಿ ಚೀಲ ಬಿಚ್ಚಿದರೆ ನಿಮಗೆ ಸೊಗಡು ಬರುತ್ತದೆ, ಅಲ್ಲವೆ? ನನಗೆ ಅದರ ಜೊತೆ ಕೋವಿಗೆ ಹಚ್ಚುವ ಎಣ್ಣೆಯ ವಾಸನೆಯೂ ಬಂದಂತಾಗುತ್ತದೆ. ಸಾಸಲು ಹಳ್ಳಿಯಿಂದ ದೊಡ್ಡಪ್ಪ ಕಳಿಸಿದ ಈ ಸಲದ ಚೀಲದಲ್ಲಿ, ಎಲ್ಲಕ್ಕಿಂತ ಮೇಲೆ, ಯಾವುದೋ ಪ್ರಾಣಿ ಜಗಿದು ಬಿಟ್ಟ ಒಂದು ಗೊಂಚಲಿತ್ತು. ಅಮ್ಮ ಎಸೆಯಲು ಹೋದಳು. "ಇರಮ್ಮ" ಎಂದೆ.

ದೊಡ್ಡಪ್ಪನ ಹತ್ತಿರ ಒಂಟಿ ನಳಿಗೆಯ ಕೋವಿಯಿದೆ. ಬೆಳೆ ರಕ್ಷಣೆಯ ಲೈಸೆನ್ಸು. ಅದರಿಂದ ಒಂದು ಕಾಡುಹಂದಿಯೂ ಸತ್ತಿಲ್ಲ. ಆಕಾಶಕ್ಕೆ ಹಾರಿಸಿದರೆ ಓಡುತ್ತಿದ್ದವು, ಅಷ್ಟೆ. ಎಲೆಕ್ಷನ್ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. "ಎಲೆಕ್ಷನ್ ಬಂದಿದ್ದು ನಮಗಿಂತ ಮೊದ್ಲು ಹಂದಿಗೆ ಗೊತ್ತಾಗತ್ತೆ ಕಣೋ" ಎನ್ನುತ್ತಿದ್ದ. ಕಂಡದ್ದು ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಗುರುತು ಹಾಕುವ ಚಟ ನನ್ನದು. ಹಂದಿ ನುಗ್ಗಿ ಬೆಳೆ ಹಾಳಾದ ದಿನಕ್ಕೆ ಕೆಂಪು ಶಾಯಿ. ತಿರುವಿ ನೋಡಿದೆ. ಹೆಚ್ಚುಕಡಿಮೆ ನಿಜ!

ಕೋವಿ ಒಪ್ಪಿಸಬೇಕಾದ ಸಿಟ್ಟಿಗೇ ಅವನು ದಿಲ್ಲಿಯ ಸಂಘವೊಂದನ್ನು ಸೇರಿದ್ದು. ಬಂದೂಕು ಇಟ್ಟುಕೊಂಡವರ ಹಕ್ಕಿಗಾಗಿ ಇಡೀ ದೇಶದ ಪರವಾಗಿ ವಾದಿಸುವ ಸಂಘ.

"ನಿಮ್ಮ ಹಕ್ಕಿ ಸಂಘದಿಂದ ಕಾಗದ ಬಂದೈತೆ" ಎಂದು ದೊಡ್ಡಮ್ಮ ಕೂಗುವಳು.

"ಹಕ್ಕಿ ಅಲ್ಲ ಕಣೇ, ಹಕ್ಕು!"

"ಯಾವುದಾದ್ರೇನು, ಹಾರೋಗೋದೇ ತಾನೆ?"

ಆಮೇಲೆ ಜಮೀನಿನ ಬಹುಪಾಲು ರಸ್ತೆಗೆ ಹೋಯಿತು. ಲೈಸೆನ್ಸು ನವೀಕರಿಸಲು ಹೋದಾಗ "ಬೆಳೆಯೇ ಇಲ್ಲ, ಕೋವಿ ಯಾಕೆ?" ಎಂದರಂತೆ. ನನಗೆ ಹಿಂದಿ ಬರುತ್ತದೆಂದು ನಂಬಿ ಸಂಘಕ್ಕೆ ಫೋನು ಮಾಡಿಸಿದ. ಆ ಕಡೆಯವರು ತಾಳ್ಮೆಯಿಂದ ಹೇಳಿದರು: ಬೆಳೆಯ ಮಾತು ಬಿಡಿ, ಆತ್ಮರಕ್ಷಣೆಗೆಂದು ಅರ್ಜಿ ಹಾಕಿ, ಅದು ಪ್ರತಿಯೊಬ್ಬರ ಹಕ್ಕು.

ಕೇಳಿ ದೊಡ್ಡಪ್ಪ ತಲೆ ಕೆರೆದುಕೊಂಡ. "ನನ್ನ ಯಾರ್ಲಾ ಕೊಲ್ತಾರೆ? ಹಂದಿಗೆ ಅಂತ ತಗೊಂಡಿದ್ದು. ಮನುಷ್ಯರಿಗೆ ಅಂತ ಹೆಂಗೆ ಬರೀಲಿ?"

ಇದನ್ನು ಹಿಂದಿಯಲ್ಲಿ ಹೇಳುವುದು ಹೇಗೆಂದು ತೋಚದೆ, ಧನ್ಯವಾದ ಹೇಳಿ ಫೋನಿಟ್ಟೆ.

ಉಳಿದ ತುಂಡು ನೆಲಕ್ಕೆ ಅವನು ಅವರೆ ಹಾಕಿದ. "ಬೆಳೆ ಕಾಯೋಕೆ ಕೋವಿ ತಂದೆ. ಈಗ ಕೋವಿ ಕಾಯೋಕೆ ಬೆಳೆ!" ಲೈಸೆನ್ಸು ಉಳಿಯಿತು. ಆದರೆ ಸುತ್ತ ಲೇಔಟುಗಳೆದ್ದು ಹಂದಿಗಳೇ ಬರುವುದು ಬಿಟ್ಟವು. ಮುಂದಿನ ಸಲ "ಹಂದಿಯೇ ಇಲ್ಲ, ಕೋವಿ ಯಾಕೆ?" ಎಂದರೆ? ಬೆಳಗಾದರೆ ಸಾಲುಗಳ ನಡುವೆ ಬಗ್ಗಿ ಗೊರಸಿನ ಗುರುತು ಹುಡುಕುತ್ತಿದ್ದ, ಏನೋ ಕಳೆದುಕೊಂಡವನ ಹಾಗೆ.

ಗೊಂಚಲನ್ನು ಕೈಯಲ್ಲಿ ಹಿಡಿದೇ ಫೋನು ಮಾಡಿದೆ.

"ನೋಡಿದ್ಯಾ?" ಎತ್ತಿದ ಕೂಡಲೇ ಕೇಳಿದ. "ತಾಯಿ, ಜೊತೆಗೆ ಮರಿಗಳು! ಮೊನ್ನೆ ಸಂಜೆ."

"ಹಾರಿಸಿದ್ಯಾ ದೊಡ್ಡಪ್ಪ?"

"ಕೋವಿ ತಗೊಂಡೇ ಹೋದೆ ಕಣೋ. ಹಾರಿಸಿದ್ರೆ ಓಡೋಗ್ಬಿಡ್ತಾವೆ. ಆಮೇಲೆ ಬರೋದು ಯಾವಾಗ?"

ದಿನಚರಿ ತೆರೆದು "ಹಂದಿ ಬಂತು" ಎಂದು ಬರೆದೆ. ಕೆಂಪು ಪೆನ್ನು ಪಕ್ಕದಲ್ಲೇ ಇತ್ತು. ತೆಗೆದುಕೊಳ್ಳಲಿಲ್ಲ.