ಕೆಮ್ಮಣ್ಣು ಹಚ್ಚಿದ ತೊಗರಿ

ಕೊಡ್ಲಿಯ ಲಲಿತಾಬಾಯಿಯ ಒಲೆಗೆ ಅಂಗಡಿಯ ಬೇಳೆ ಎಂದೂ ಏರಿದ್ದಿಲ್ಲ. ಹೊಲದ ತೊಗರಿಗೆ ಕೆಮ್ಮಣ್ಣಿನ ರಾಡಿ ಹಚ್ಚಿ, ಮಾಳಿಗೆಯ ಮೇಲೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿದರೇ ಆಕೆಗೆ ಸಮಾಧಾನ. ಮಣ್ಣು ಹಚ್ಚಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಬೇಳೆಗೂ ಒಂದು ರುಚಿ ಬರುತ್ತದೆ. ಮುಧೋಳದಿಂದ ಸೊಸೆಯಾಗಿ ಬಂದ ವರ್ಷ ಅತ್ತೆ ಕಲಿಸಿದ ಕೆಲಸ ಅದು. ತಲೆಗೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ.

ಮುಂಗಾರಿನ ಮಿರಗದ ಮಳೆಗೆ ಊರೆಲ್ಲ ಕಾದು ಕುಳಿತಾಗ ಮೈಸೂರು ಕಡೆಯ ವಿನುತಾ ಎಂಬ ಹುಡುಗಿ ಆಕೆಯ ಮನೆಗೆ ಬಂದಳು. ಬಸ್ಸು ಹತ್ತಿ ಊರೂರು ತಿರುಗಿ ಮನೆಮನೆಯ ಅಡುಗೆ ಕಲಿಯುವ ಹುಚ್ಚು ಅವಳಿಗೆ. ಸೇಡಂನಲ್ಲಿ ರೊಟ್ಟಿ ಬಡಿಯಲು ಕಲಿತು, ಚಿತ್ತಾಪುರದಲ್ಲಿ ಪುಂಡಿಪಲ್ಯ ಕಲಿತು, ಲಲಿತಾಬಾಯಿಯ ಬೇಳೆಯ ಸುದ್ದಿ ಕೇಳಿ ಇಲ್ಲಿಗೆ ಬಂದಿದ್ದಳು.

"ಅಡಿಗಿ ಒಲಿ ಮುಂದ ಸುರು ಆಗಂಗಿಲ್ಲವಾ, ಬೀಸೋ ಕಲ್ಲಿನ ಮುಂದ ಸುರು ಆಗ್ತದ," ಎಂದಳು ಲಲಿತಾಬಾಯಿ.

ಪಕ್ಕದ ಮನೆಯ ಮಾಶಾಬಿ ಕಟ್ಟೆಯ ಮೇಲಿಂದಲೇ ನಕ್ಕಳು. "ಏ ಲಲಿತಾ, ಪೋರಿ ಕೈ ನೋಡಬೇ, ಬೆಣ್ಣಿ ಇದ್ದಂಗ ಅವ. ಇವತ್ತ ಕಲ್ಲು ತಿರುಗಿಸಿದ್ರ ನಾಳಿಗಿ ನೀನೇ ತುತ್ತು ಮಾಡಿ ಉಣಿಸಬೇಕು!"

ಅಷ್ಟರಲ್ಲಿ ಮೋಡ ಕವಿದು ದಪ್ಪ ಹನಿ ಬಿತ್ತು. ಲಲಿತಾಬಾಯಿ ಕರು ಒಳಗೆ ಕಟ್ಟಲು ಓಡಿದಳು. ವಿನುತಾ ಮಾಳಿಗೆ ಹತ್ತಿ, ಅಲ್ಲಿ ಕೆಂಪಗೆ ಕಂಡ ಕಾಳನ್ನೆಲ್ಲ ಒಂದೇ ಬುಟ್ಟಿಗೆ ಬಳಿದು ತಂದಳು. "ಶಾಣೇಕಿ ಇದ್ದಿ," ಎಂದು ಲಲಿತಾಬಾಯಿ ಮೆಚ್ಚಿಕೊಂಡಳು.

ಪಡಸಾಲೆಯಲ್ಲಿ ಕತ್ತಲೆಗಟ್ಟಿತ್ತು. ಇಬ್ಬರೂ ಎದುರುಬದುರು ಕುಳಿತು ಕಲ್ಲು ತಿರುಗಿಸಿದರು. ಮೂಗಿಗೆ ಏನೋ ಘಾಟು ಬಡಿಯಿತು. ಹುಡುಗಿ ಮುಖಕ್ಕೆ ಹಚ್ಚಿದ ಪೌಡರ್ ಇರಬೇಕು ಅಂದುಕೊಂಡಳು ಲಲಿತಾಬಾಯಿ. ಬೇಳೆ ಕುದಿಯಿತು, ಬಳ್ಳೊಳ್ಳಿಯ ಒಗ್ಗರಣೆ ಬಿತ್ತು. ಬಿಸಿ ರೊಟ್ಟಿ ಮುರಿದು ವಿನುತಾ ಎರಡು ಸಲ ಬೇಳೆ ಹಾಕಿಸಿಕೊಂಡಳು. ಉಂಡ ಮೇಲೆ ಕಟ್ಟೆಗೆ ಹೋಗಿ ಮಾಶಾಬಿಯ ಜೊತೆ ಹರಟೆಗೆ ಕುಳಿತಳು.

ಗಂಡ ಅಣವೀರ ಹೊಲದಿಂದ ಬಂದವನೇ ಮಾಳಿಗೆ ಹತ್ತಿ ಇಳಿದ.

"ಬೀಜದ ತೊಗರಿ ಎಲ್ಲಿ? ನಸಕಿನಾಗ ಔಷಧ ಹಚ್ಚಿ ಮೂಲ್ಯಾಗ ಆರಾಕ ಹಾಕಿದ್ದೆ."

"ಯಾ ಔಷಧ?"

"ಹುಳಾ ಹತ್ತಬಾರದಂತ ಹಚ್ಚೋ ಕೆಂಪು ಪುಡಿ. ವಿಷ ಅದು."

ಕೊನೆಗೆ ತನಗೆ ಬಡಿಸಿಕೊಳ್ಳಲು ಲಲಿತಾಬಾಯಿ ಎತ್ತಿದ ಸೌಟು ಹಾಗೇ ನಿಂತಿತು. ಕೆಮ್ಮಣ್ಣೂ ಕೆಂಪು, ವಿಷವೂ ಕೆಂಪು. ಬುಟ್ಟಿಯ ತಳಕ್ಕೆ ಕೈಹಾಕಿ ಬೆರಳು ಮೂಸಿದಳು. ಅದೇ ಘಾಟು.

ಅಣವೀರ ಬಾಗಿಲಿಗೆ ಅಡ್ಡ ನಿಂತು ಪಿಸುಗುಟ್ಟಿದ. "ಬಾಯಿ ಮುಚ್ಚು. ಪರ ಊರಿನ ಹುಡುಗಿ. ಏನರೆ ಆದ್ರ ಇಬ್ಬರನ್ನೂ ಒಳಗ ಹಾಕ್ತಾರ. ಮಜ್ಜಿಗಿ ಕುಡಿಸು, ಒಂದು ಗಳಿಗಿ ನೋಡಮು."

ಆಕೆ ಮಜ್ಜಿಗೆಯ ಗಡಿಗೆ ಎತ್ತಿದ್ದೂ ನಿಜ. ಹೊರಗೆ ಹುಡುಗಿ ನಗುವುದು ಕೇಳುತ್ತಿತ್ತು. ಆ ನಗು ನಿಂತರೆ? ಅವಳ ತಾಯಿ ಬಂದು ಹೊಸ್ತಿಲ ಮುಂದೆ ನಿಂತು, ನನ್ನ ಮಗಳಿಗೆ ಏನು ಉಣಿಸಿದಿ ಎಂದು ಕೇಳಿದರೆ? ಒಂದು ಗಳಿಗೆ ನೋಡೋಣ ಎಂದನಲ್ಲ, ಆ ಗಳಿಗೆಯಲ್ಲಿ ವಿಷ ಸುಮ್ಮನೆ ಕೂಡುತ್ತದೆಯೇ?

"ಅಮ್ಮಾ," ಎಂದು ವಿನುತಾ ಕರೆದಳು. "ಯಾಕೋ ಸೆಕೆ ಆಗ್ತಿದೆ. ತಲೆ ಸುತ್ತುತ್ತೆ."

ಲಲಿತಾಬಾಯಿ ಗಡಿಗೆಯನ್ನು ಅಲ್ಲೇ ಬಿಟ್ಟು ಗಂಡನನ್ನು ದಬ್ಬಿಕೊಂಡು ಹೊರಗೆ ಬಂದಳು. "ಬೇಳ್ಯಾಗ ವಿಷದ ಬೀಜ ಕೂಡ್ಯಾದ ನನ ಮಗಳ. ನಾನೇ ಉಣಿಸೀನಿ. ಏಳು, ದವಾಖಾನಿಗಿ ಹೋಗಮು."

ಹುಡುಗಿಯ ಮುಖ ಬಿಳಿಚಿತು. ಮಾಶಾಬಿ "ಯಾ ಅಲ್ಲಾ" ಎಂದು ಎದ್ದು, ಮಗ ಮುಕ್ರಮನನ್ನು ಕೂಗಿ ಆಟೋ ತೆಗೆಸಿದಳು. ಚಿಂಚೋಳಿಯ ದಾರಿ ಅಂದು ಮುಗಿಯಲೊಲ್ಲದು. ವಿನುತಾ ದಾರಿಯಲ್ಲೇ ವಾಂತಿ ಮಾಡಿದಳು. "ನಾನು ಸಾಯ್ತೀನಾ ಅಮ್ಮಾ?" ಎಂದಳು. ಲಲಿತಾಬಾಯಿ ಹುಡುಗಿಯ ತಲೆಯನ್ನು ಎದೆಗೆ ಒತ್ತಿ ಹಿಡಿದು, "ಬಸವಣ್ಣ, ಬಸವಣ್ಣ" ಎಂದಷ್ಟೇ ಅನ್ನುತ್ತಿದ್ದಳು.

ಡಾಕ್ಟರರು ಎಲ್ಲ ಕೇಳಿಕೊಂಡು, ಹೊಟ್ಟೆ ತೊಳೆದು, ಸಲೈನು ಹಚ್ಚಿದರು. ಬಾಗಿಲ ಹೊರಗೆ ಲಲಿತಾಬಾಯಿ ನೆಲಕ್ಕೆ ಕುಳಿತಳು. ಒಳಗಿನಿಂದ ಯಾರು ಬಂದರೂ ಅವರ ಮುಖ ನೋಡಲು ಹೆದರಿ ಕಾಲು ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಡಾಕ್ಟರರೇ ಬಂದು, "ಗಾಬರಿ ಆಗಬ್ಯಾಡ್ರಿ. ಬೀಸಿ ಸಿಪ್ಪಿ ತೆಗೆದಿದ್ದಕ್ಕ ಭಾಳ ವಿಷ ಅದರ ಜೋಡಿನೇ ಹೋಗ್ಯಾದ. ತಡಾ ಮಾಡದೆ ಕರಕೊಂಡು ಬಂದಿದ್ದು ಛಲೋ ಆಯ್ತು," ಎಂದರು. ಆಗ ಆಕೆಗೆ ಅಳು ಬಂತು.

ವಿನುತಾ ಚೇತರಿಸಿಕೊಂಡು ಊರಿಗೆ ಹೋದಳು. ಈಗಲೂ ಫೋನು ಮಾಡುತ್ತಾಳೆ. ಆದರೆ ಲಲಿತಾಬಾಯಿಯ ಅಂಜಿಕೆ ಹೋಗಲಿಲ್ಲ. ನಮ್ಮ ಕಡೆ ಬಂದವರು ಉಂಡು ಕೈತೊಳೆದ ಮೇಲೆಯೇ ಮನೆಯಾಕೆ ಉಣ್ಣುವುದು. ಆಕೆ ಈಗ ಊಟದ ಗಂಗಾಳ ಹಾಕುವ ಮೊದಲು, ನೆಂಟರೆದುರಿಗೇ ನಾಲ್ಕು ತುತ್ತು ತಾನು ಉಂಡು, ಗೋಡೆಗೊರಗಿ ಸ್ವಲ್ಪ ಹೊತ್ತು ಕೂಡುತ್ತಾಳೆ. ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ.

"ಮುದುಕಿಗಿ ಹಸಿವಿ ತಡಿಯಂಗಿಲ್ಲ," ಎಂದು ಬೀಗಿತ್ತಿ ಒಮ್ಮೆ ಚುಚ್ಚಿದಳು.

"ಹೂಂ ಯವ್ವ, ತಡಿಯಂಗಿಲ್ಲ. ಇನ್ನೊಂದು ಸ್ವಲ್ಪ ತಡಿ," ಎಂದಳು ಲಲಿತಾಬಾಯಿ.